ಪೂರ್ತಿ ಬಾರಿಸಲು ಬಿಡದ ಊರುಗಳು

ನಮ್ಮ ಮೂವರಿಗೆ ಹೀಗಾಗುವುದು ಹೊಸದೇನಲ್ಲ. ಮಳೆಗಾಲದಲ್ಲೂ ಆಗುತ್ತದೆ, ಬೇಸಿಗೆಯಲ್ಲೂ ಆಗುತ್ತದೆ. ದೇವರಿಗೆ ಕಾಯಿ ಒಡೆದು ಹೊರಟರೂ ಆಗುತ್ತದೆ, ಒಡೆಯದೆ ಹೊರಟರೂ ಆಗುತ್ತದೆ. ಕೇಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ. ನನಗೆ ಮಾತ್ರ ಬರುವುದು ಸಿಟ್ಟು, ಅದೂ ಬಿ.ಪಿ. ಮಾತ್ರೆ ನುಂಗಿದರೂ ಇಳಿಯದ ಸಿಟ್ಟು.

ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬ್ ನೋಡಿಕೊಳ್ಳುವವಳು. ಒಂದು ಹಲಗೆಯ ಮೇಲೆ ತಿರುಗಣೆಗಳನ್ನೂ ವೈರುಗಳನ್ನೂ ಕೂಡಿಸಿ ನಾನೇ ಮಾಡಿಕೊಂಡ ಸಿಂಥಸೈಜರ್ ನನ್ನ ವಾದ್ಯ. ಎರಡನೆಯವರು ಭಾಯ್. ಮದುವೆ ಆರ್ಕೆಸ್ಟ್ರಾಗಳಲ್ಲಿ ಬಹಳ ವರ್ಷ ರಿದಂ ಪ್ಯಾಡ್ ಬಾರಿಸಿ, ಅದೇ ಹಾಡುಗಳನ್ನೇ ಬಾರಿಸಿ ಬಾರಿಸಿ, ಒಂದು ದಿನ ಊಟದ ಎಲೆಯ ಮುಂದೆ ಕೂತು ‘ಇನ್ನ ಆ ಹಾಡು ಕೇಳಿದ್ರ ನಾ ಸಾಯ್ತೀನಿ’ ಎಂದು ಎದ್ದು ಬಂದವರು. ಮೂರನೆಯವನು ಮಾಸ್ಟರು. ಜೀನ್ಸ್ ಪ್ಯಾಂಟು ಹೊಲಿಯುವ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರು. ಹೊಲಿಗೆ ಮಿಷನ್ನು, ಬಟ್ಟೆ ಒಗೆಯುವ ದೊಡ್ಡ ಡ್ರಮ್ಮು, ಬಾಯ್ಲರು, ಕಾಲುವೆ ನೀರು, ಟ್ರ್ಯಾಕ್ಟರು, ಸಿಕ್ಕಿದ್ದರ ಸದ್ದನ್ನೆಲ್ಲ ಹಿಡಿದು ಲ್ಯಾಪ್‌ಟಾಪಿನಲ್ಲಿ ತುಂಬಿಟ್ಟುಕೊಂಡು ಅದನ್ನೇ ಬಾರಿಸುತ್ತಾನೆ.

ನಮ್ಮದರಲ್ಲಿ ಹಾಡಿಲ್ಲ, ಮಾತಿಲ್ಲ, ಮೊದಲೇ ಕಲಿತಿಟ್ಟುಕೊಂಡದ್ದು ಯಾವುದೂ ಇಲ್ಲ. ಮೂವರೂ ಕೂತು, ಒಬ್ಬರ ಮುಖ ಒಬ್ಬರು ನೋಡಿ ಶುರು ಮಾಡುತ್ತೇವೆ. ಆ ಹೊತ್ತಿಗೆ ಏನು ಬರುತ್ತದೋ ಅದು. ಸುಮಾರು ಮುಕ್ಕಾಲು ಗಂಟೆ. ಮೊದಲರ್ಧ ಗಲಾಟೆ, ನಾನೇ ಒಪ್ಪುತ್ತೇನೆ. ಆದರೆ ನಮ್ಮ ಜೀವವೆಲ್ಲ ಇರುವುದು ಕೊನೆಯಲ್ಲಿ. ಆ ಗಲಾಟೆಯೆಲ್ಲ ಒಂದೊಂದಾಗಿ ಕಳಚಿಕೊಂಡು, ಕಟ್ಟಕಡೆಗೆ ಒಂದೇ ಒಂದು ಸಣ್ಣ ಎಳೆ ಉಳಿದು, ಅದೂ ಮೆಲ್ಲಗೆ ಆರುತ್ತದೆ. ಅದನ್ನು ಕೇಳದಿದ್ದವನಿಗೆ ಮೊದಲಿನದು ಬರೀ ಸದ್ದು. ನಮ್ಮ ಆಸೆ ಇಷ್ಟೇ: ಜನರ ಮುಂದೆ ಒಂದು ಸಲ, ಒಂದೇ ಒಂದು ಸಲ, ಶುರುವಿನಿಂದ ಕೊನೆಯವರೆಗೆ ಬಾರಿಸಬೇಕು. ವರ್ಷಗಳಿಂದ ಈ ಜಿಲ್ಲೆಯಲ್ಲಿ ತಿರುಗುತ್ತಿದ್ದೇವೆ. ನಮ್ಮ ಕೊನೆಯನ್ನು ಕೇಳಿದ ನರಮನುಷ್ಯ ಒಬ್ಬನೂ ಇರಲಿಲ್ಲ.

ಸೆಟ್ಟಿನವನ ಮರ್ಯಾದೆ

ಮೊದಲ ಕಾರ್ಯಕ್ರಮ ಬಳ್ಳಾರಿಯಲ್ಲೇ, ಒಂದು ಬಡಾವಣೆಯ ಸಂಘದ ವಾರ್ಷಿಕೋತ್ಸವ. ಮಕ್ಕಳ ಕುಣಿತ ಮುಗಿದ ಮೇಲೆ ನಮ್ಮದು. ಮೈಕ್ ಸೆಟ್ಟಿನವನು ಹೊಸ ಸೆಟ್ಟು ತಂದಿದ್ದ. ಪ್ರತಿ ಸ್ಪೀಕರ್ ಡಬ್ಬದ ಮೇಲೂ ತನ್ನ ಹೆಸರು, ಹೆಸರಿನ ಕೆಳಗೆ ಎರಡು ನವಿಲು, ನವಿಲಿನ ಕೆಳಗೆ ಮಗಳ ಹೆಸರು ಬರೆಸಿದ್ದ. ಅಲ್ಲಿಗೇ ನಾನು ಅನುಮಾನಪಡಬೇಕಿತ್ತು.

ನಾನು ತಿರುಗಣೆ ಮುಟ್ಟಿದೆ. ಸಣ್ಣಗೆ ‘ಮ್ಮ್’ ಎಂದು ಶುರುವಾಯಿತು. ಆತ ಕೂತಲ್ಲಿಂದ ಎದ್ದು ಓಡಿಬಂದು ನನ್ನ ಹಿಂದಿನ ವೈರು ಅಲುಗಿಸಿದ. ‘ಮ್ಮ್’ ನಿಲ್ಲಲಿಲ್ಲ. ವೈರನ್ನೇ ಬದಲಿಸಿದ. ಆಗ ಮಾಸ್ಟರು ಬಾಯ್ಲರಿನ ಸದ್ದು ಬಿಟ್ಟ. ಸೆಟ್ಟಿನವನ ಮುಖದ ರಕ್ತವೆಲ್ಲ ಇಳಿದುಹೋಯಿತು. ವೇದಿಕೆಯ ತುದಿಯ ಮೈಕು ಹಿಡಿದು ‘ಹಲೋ, ಹಲೋ, ಚೆಕ್, ಚೆಕ್’ ಎಂದ. ನಾವು ಬಾರಿಸುತ್ತಲೇ ಇದ್ದೆವು, ಆತ ಚೆಕ್ ಮಾಡುತ್ತಲೇ ಇದ್ದ. ಜನರಿಗೆ ಯಾವುದು ಸಂಗೀತ, ಯಾವುದು ರಿಪೇರಿ ಎನ್ನುವುದೇ ತಿಳಿಯಲಿಲ್ಲ.

‘ಅಣ್ಣಾ, ಕೆಟ್ಟಿಲ್ಲ. ಇದು ನಾವು ಬಾರಿಸ್ತಾ ಇರೋದು’ ಎಂದು ನಾನು ಹಲ್ಲು ಕಚ್ಚಿಕೊಂಡು ಹೇಳಿದೆ.

‘ಸುಳ್ಳು ಹೇಳಬ್ಯಾಡ್ರಿ ಮೇಡಂ. ಇಂಥದ್ದನ್ನ ಬೇಕಂತ ಯಾರು ಬಾರಿಸ್ತಾರ?’

ಭಾಯ್ ಪ್ಯಾಡಿನ ಮೇಲೆ ಎರಡು ಏಟು ಜೋರಾಗಿ ಹಾಕಿದರು. ಅಷ್ಟೇ. ಸೆಟ್ಟಿನವನು ನಮ್ಮ ಸದ್ದನ್ನು ಪೂರ್ತಿ ಇಳಿಸಿ, ಮೈಕಿನಲ್ಲಿ ಗಂಟಲು ಸರಿಮಾಡಿಕೊಂಡು ಹೇಳಿದ: ‘ಮಹಾಜನಗಳಲ್ಲಿ ಒಂದು ವಿನಂತಿ. ಈ ಸೌಂಡು ನಮ್ಮ ಸೆಟ್ಟಿಂದಲ್ಲ. ನಮ್ಮ ಸೆಟ್ಟು ಹೆಂಗೈತಿ ಅಂತ ಈಗ ತೋರಿಸ್ತೀನಿ.’ ತನ್ನ ಮೊಬೈಲು ಸಿಕ್ಕಿಸಿ ಒಂದು ಭಕ್ತಿಗೀತೆ ಹಾಕಿದ. ಜನ ಚಪ್ಪಾಳೆ ತಟ್ಟಿದರು. ಹಾಡು ಮುಗಿದ ಮೇಲೆ ಇನ್ನೊಂದು ಹಾಕಿದ. ಅದಕ್ಕೂ ಚಪ್ಪಾಳೆ. ನಾವು ಮೂವರು ವೇದಿಕೆಯ ಮೇಲೆ ಕೂತು, ಅವನ ಮೊಬೈಲಿಗೆ ಬಿದ್ದ ಚಪ್ಪಾಳೆಯನ್ನು ಕೇಳಿಸಿಕೊಂಡೆವು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಳಿಯುವಾಗ ಸಂಘದ ಅಧ್ಯಕ್ಷರು ಬಂದು ಹಾರ ಹಾಕಿದರು. ನಮಗಲ್ಲ, ಸೆಟ್ಟಿನವನಿಗೆ. ಅವನು ಹಾರ ಹಾಕಿಕೊಂಡೇ ನನ್ನ ಹತ್ತಿರ ಬಂದು, ‘ಬ್ಯಾಸರ ಮಾಡ್ಕೋಬ್ಯಾಡ್ರಿ ಮೇಡಂ, ಮುಂದಿನ ಸಲದ ಹೊತ್ತಿಗೆ ನಿಮ್ದು ರಿಪೇರಿ ಮಾಡಿಸಿಡ್ರಿ’ ಎಂದ.

ನೀರು ಬಿಡುವ ದಿನ

ನಾವು ಅಭ್ಯಾಸ ಮಾಡುವುದು ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ. ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ಬಿಟ್ಟ ದಿನ ಎಲ್ಲರೂ ಸಂಪು ತುಂಬಿಸಿಕೊಂಡು, ಮೋಟರು ಹಾಕಿ ಮೇಲಿನ ಟ್ಯಾಂಕಿಗೆ ಏರಿಸಬೇಕು. ಒಂದು ಹೊತ್ತು ತಪ್ಪಿದರೆ ಮತ್ತೆ ವಾರಗಟ್ಟಲೆ ಕೊಡ ಹಿಡಿದುಕೊಂಡು ತಿರುಗಬೇಕು. ಹೀಗಾಗಿ ನಮ್ಮ ಓಣಿಯ ಹೆಂಗಸರು ಮೋಟರನ್ನು ಕಣ್ಣಿನಿಂದ ನೋಡುವುದಿಲ್ಲ, ಕಿವಿಯಿಂದಲೇ ನೋಡಿಕೊಳ್ಳುತ್ತಾರೆ. ಒಳಗೆ ರೊಟ್ಟಿ ಬಡಿಯುತ್ತಲೇ ಮೋಟರು ಓಡುತ್ತಿದೆಯೋ ನಿಂತಿದೆಯೋ ಹೇಳಬಲ್ಲರು.

ಒಂದು ಬೆಳಗ್ಗೆ ನಾವು ಮೂವರೂ ಅಭ್ಯಾಸಕ್ಕೆ ಕೂತಿದ್ದೆವು. ಅಂದು ಬಹಳ ಚೆನ್ನಾಗಿ ಬಂತು. ಒಂದೇ ಸಮನೆ ಗುರ್‍ರ್ ಎನ್ನುವ ಒಂದು ಸದ್ದನ್ನು ಬಹಳ ಹೊತ್ತು ಹಿಡಿದು, ಅದರ ಒಳಗೇ ಸುತ್ತಾಡಿದೆವು. ಭಾಯ್ ಕಣ್ಣು ಮುಚ್ಚಿಬಿಟ್ಟಿದ್ದರು. ಕೊನೆಯ ಎಳೆಗೆ ಇನ್ನೇನು ಬರಬೇಕು, ಆಗ ಕೆಳಗೆ ಬಾಗಿಲು ಬಡಿದ ಸದ್ದು. ಹೋಗಿ ನೋಡಿದರೆ ಅರ್ಧ ಓಣಿ ನಿಂತಿದೆ.

ಎದುರು ಮನೆಯ ಹಿರಿಯಾಕೆ, ಓಣಿಗೆಲ್ಲ ಅತ್ತಿ, ಮುಂದೆ ಬಂದರು. ‘ಅವ್ವಾ, ಕರೆಂಟು ಹೋಗಿ ಬಂದಾಗ ನಮ್ಮ ಮೋಟ್ರು ಬಂದ್ ಆಗಿತ್ತು. ಮೇಲೆ ನಿಂದು ಗುರ್‍ರ್ ಅನ್ನಾಕತ್ತಿತ್ತು. ನಾ ನಮ್ದೇ ಓಡಾಕತ್ತೈತಿ ಅಂತ ಸುಮ್ನ ಕುಂತೆ. ಈಗ ನೋಡಿದ್ರ ಟ್ಯಾಂಕ್ ಖಾಲಿ, ನಲ್ಲಿ ಬಂದ್.’

‘ನಮ್ದೂ ಹಂಗs ಆಗೇತಿ’ ಎಂದು ಹಿಂದಿನವರು ಒಬ್ಬೊಬ್ಬರಾಗಿ ಕೊಡ ಎತ್ತಿ ತೋರಿಸಿದರು.

ಕರೆಂಟು ಹೋಗಿದ್ದು ನಮಗೆ ಗೊತ್ತೇ ಆಗಿರಲಿಲ್ಲ. ಯು.ಪಿ.ಎಸ್. ಮೇಲೆ ಬಾರಿಸುತ್ತಿದ್ದೆವಲ್ಲ. ನಮ್ಮ ತಪ್ಪೇನು ಹೇಳಿ. ಕರೆಂಟು ತೆಗೆದವನನ್ನು ಯಾರೂ ಬೈಯಲಿಲ್ಲ, ನೀರು ನಿಲ್ಲಿಸಿದವನನ್ನು ಯಾರೂ ಬೈಯಲಿಲ್ಲ. ಓಣಿಯ ಬೈಗುಳವೆಲ್ಲ ಭೌತಶಾಸ್ತ್ರ ಲ್ಯಾಬಿನ ಮೇಡಂ ತಲೆಗೇ ಬಂತು. ನಾನೂ ಬಿಡಲಿಲ್ಲ, ಮೆಟ್ಟಿಲ ಮೇಲೆ ನಿಂತು ಬೈದೆ. ಭಾಯ್ ನನ್ನ ಹಿಂದೆ ನಿಂತು ‘ಸಾಕು ಬಿಡ್ರಿ ಮೇಡಂ, ನೀರು ಇಲ್ಲದ ಜನ’ ಎಂದು ಕೈ ಮುಗಿಯುತ್ತಿದ್ದರು.

ಅಂದಿನಿಂದ ನೀರು ಬಿಡುವ ದಿನ ನಮಗೆ ಅಭ್ಯಾಸ ಬಂದ್. ಇದು ಓಣಿಯ ತೀರ್ಮಾನ. ಆದರೆ ಎದುರು ಮನೆಯ ಅತ್ತಿಯವರಿಗೆ ನಮ್ಮ ಸಂಗೀತದ ಮೇಲೆ ಈಗ ಬಹಳ ವಿಶ್ವಾಸ. ಮೊನ್ನೆ ದಾರಿಯಲ್ಲಿ ಸಿಕ್ಕಿ ಹೇಳಿದರು: ‘ಒಂದು ಮಾತು ಹೇಳ್ತೀನಿ ಅವ್ವಾ, ನಿಂದು ಸೌಂಡು ಕೇಳಿದ್ರ, ನಮ್ಮ ಮೋಟ್ರಿಗಿಂತ ನಿಂದೇ ಚಲೋ ಕಂಪನಿ ಐತಿ.’

ಎಲ್ಲಿ ಹಾಕಬೇಕು

ಊರಲ್ಲಿ ಆಗದಿದ್ದರೆ ಊರ ಹೊರಗಾದರೂ ಆದೀತು ಎಂದು ಮಾಸ್ಟರು ಒಂದು ಉಪಾಯ ಹೇಳಿದ. ಸಿರುಗುಪ್ಪದ ಹೊರಗೆ ಅವನ ಮಾವನ ಅಕ್ಕಿ ಗಿರಣಿ ಇದೆ. ಸುಗ್ಗಿಗೆ ಇನ್ನೂ ದಿನವಿದ್ದುದರಿಂದ ಬೀಗ ಹಾಕಿದ್ದರು. ಒಳಗೆ ಎತ್ತರದ ತಗಡಿನ ಮಾಡು, ಬರೀ ನೆಲ, ಸದ್ದು ಚೆನ್ನಾಗಿ ತಿರುಗುತ್ತದೆ. ಮಾವನವರು ನಾಲ್ಕಾರು ಸ್ನೇಹಿತರನ್ನು ಕುರ್ಚಿ ಹಾಕಿ ಕೂರಿಸಿದರು. ಮಿರ್ಚಿ ಮಂಡಕ್ಕಿ ತರಿಸಿದ್ದರು. ಇವರು ತಿನ್ನುತ್ತಾ ಕೂತಿರುತ್ತಾರೆ, ಎದ್ದು ಹೋಗುವುದಿಲ್ಲ ಎಂದು ನನಗೆ ಧೈರ್ಯ ಬಂತು.

ಶುರು ಮಾಡಿದೆವು. ತಗಡು ನಡುಗಿತು. ಮಾವನವರು ತಲೆ ತೂಗಿದರು. ಅರ್ಧದ ಹತ್ತಿರ ಬಂದಾಗ ಹೊರಗೆ ಟ್ರ್ಯಾಕ್ಟರಿನ ಹಾರ್ನು. ನಾವು ಲೆಕ್ಕಿಸಲಿಲ್ಲ. ಎರಡನೇ ಹಾರ್ನು, ಮೂರನೇ ಹಾರ್ನು, ಆಮೇಲೆ ಗೇಟಿಗೆ ಗುದ್ದು.

ಗೇಟು ತೆಗೆದರೆ ಹಚ್ಚೊಳ್ಳಿ ಕಡೆಯ ಒಬ್ಬ ರೈತ. ಹಿಂದೆ ಭತ್ತದ ಚೀಲ ತುಂಬಿದ ಟ್ರಾಲಿ. ಮುಖ ಕೆಂಪಗಾಗಿತ್ತು.

‘ಏನ್ರಿ ಸಾವ್ಕಾರ್‍ರೇ, ನಿನ್ನಿ ಫೋನ್ ಮಾಡಿದ್ರ ಗಿರಣಿ ಬಂದ್ ಐತಿ ಅಂದ್ರಿ. ರಸ್ತಿಮಟ ಕೇಳಾಕತ್ತೈತಿ, ಯಾರ ಭತ್ತ ಒಳಗ ಬಿಟ್ಟೀರಿ?’

‘ಯಾರದ್ದೂ ಇಲ್ಲಪ್ಪ. ಗಿರಣಿ ಓಡಿಲ್ಲ. ಇವರು ಸಂಗೀತ ಬಾರಿಸಾಕತ್ಯಾರ.’

ರೈತ ನಂಬಲಿಲ್ಲ. ಆತ ಒಳಗೆ ನುಗ್ಗಿ, ನಿಂತುಹೋದ ದೊಡ್ಡ ಮಿಷನ್ನು ಮುಟ್ಟಿ ನೋಡಿದ, ತಣ್ಣಗಿತ್ತು. ತಿರುಗಿ ನಮ್ಮ ಮೂರು ಮೇಜುಗಳ ಕಡೆ ಬಂದ. ಹಲಗೆ, ವೈರು, ಮಿಣುಕುವ ದೀಪ ಎಲ್ಲವನ್ನೂ ಬಗ್ಗಿ ನೋಡಿದ. ಮುಖದ ಸಿಟ್ಟು ಮೆಲ್ಲಗೆ ಇಳಿಯಿತು.

‘ಹೊಸಾ ಮಾಡೆಲ್ ಏನ್ರಿ ಮೇಡಂ? ಸಣ್ಣದು ಮಾಡ್ಯಾರ. ಭತ್ತ ಎಲ್ಲಿ ಹಾಕ್ಬೇಕ್ರಿ?’

‘ಭತ್ತ ಹಾಕೋದಲ್ಲ ಇದು!’ ಎಂದು ನಾನು ಕಿರುಚಿದೆ. ಅರ್ಧಕ್ಕೇ ನಿಂತುಹೋದ ಸಂಕಟ ಬೇರೆ. ‘ಇದರಲ್ಲಿ ಏನೂ ಹಾಕೋದಿಲ್ಲ, ಏನೂ ಬರೋದಿಲ್ಲ, ಸುಮ್ಮನೆ ಕೇಳೋದು.’

ಆತ ಒಮ್ಮೆ ನನ್ನನ್ನು, ಒಮ್ಮೆ ಹಲಗೆಯನ್ನು ನೋಡಿದ. ಆಮೇಲೆ ಮಾವನವರ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, ನಿಜವಾದ ಅನುಕಂಪದಿಂದ ಕೇಳಿದ: ‘ಸಾವ್ಕಾರ್‍ರೇ, ಇಷ್ಟು ಸೌಂಡ್ ಮಾಡಿ ಒಂದು ಕಾಳು ಅಕ್ಕಿ ಬರಂಗಿಲ್ಲಂದ್ರ, ನಿಮ್ಮ ಕೊಳ್ಳಿಗೆ ಯಾರು ಕಟ್ಟಿದ್ರಿ ಇದನ್ನ?’

ಪ್ರಾರ್ಥನೆ

ಈಗ ಹೇಳುವುದು ನನಗೆ ಒಬ್ಬಳಿಗೇ ಸಂಬಂಧಿಸಿದ ಸಿಟ್ಟು. ಯಾವ ಊರಿಗೆ ಹೋದರೂ, ವೈರಿನ ಗಂಟು ನನ್ನ ಹೆಗಲಿಗೇ ನೇತಾಡುತ್ತಿದ್ದರೂ, ಸಂಘಟಕರು ಭಾಯ್ ಹತ್ತಿರ ‘ಕರೆಂಟು ಎಷ್ಟು ಬೇಕ್ರಿ’ ಎಂದು ಕೇಳುತ್ತಾರೆ, ಮಾಸ್ಟರಿನ ಹತ್ತಿರ ‘ಟೇಬಲ್ಲು ಎಲ್ಲಿ ಹಾಕೋಣ್ರಿ’ ಎಂದು ಕೇಳುತ್ತಾರೆ. ನನ್ನ ಹತ್ತಿರ ಬಂದು ಕೇಳುವುದು ಒಂದೇ ಮಾತು: ‘ಮೇಡಂ, ಪ್ರಾರ್ಥನೆ ನೀವs ಹಾಡಿಬಿಡ್ರಿ.’

ಸಿರಿಗೇರಿಯ ಒಂದು ಸಮಾರಂಭದಲ್ಲೂ ಹೀಗೇ ಆಯಿತು. ಸಂಘಟಕ ಎಳೆ ವಯಸ್ಸಿನವನು, ಬಿಳಿ ಅಂಗಿ, ಎದೆಗೆ ಅಂಗೈ ಅಗಲದ ಬ್ಯಾಡ್ಜು.

‘ನನಗೆ ಹಾಡಲು ಬರೋದಿಲ್ಲ’ ಎಂದೆ.

‘ಹೆಣ್ಮಕ್ಕಳಿಗೆ ಪ್ರಾರ್ಥನೆ ಬರಂಗಿಲ್ಲಂದ್ರ ಹೆಂಗ್ರಿ? ಎರಡು ಸಾಲು ಅಂದ್ರ ಸಾಕು.’

‘ಭಾಯ್ ಚೆನ್ನಾಗಿ ಹಾಡ್ತಾರೆ, ಅವರನ್ನು ಕೇಳಿ.’

‘ಗಂಡಸರು ಹಾಡಿದ್ರ ಪ್ರಾರ್ಥನಿ ಅನ್ನಿಸಂಗಿಲ್ರಿ.’

ನನ್ನ ಪಿತ್ತ ನೆತ್ತಿಗೇರಿತು. ಆದರೆ ಅಷ್ಟರಲ್ಲಿ ತಲೆಯೊಳಗೆ ಒಂದು ದೀಪ ಹತ್ತಿತು. ‘ಆಯ್ತು’ ಎಂದೆ, ‘ಪ್ರಾರ್ಥನೆ ನಾವೇ ಮಾಡ್ತೀವಿ.’

ನಿರೂಪಕರು ‘ಈಗ ಪ್ರಾರ್ಥನೆ, ಎಲ್ಲರೂ ಎದ್ದು ನಿಲ್ಲಬೇಕು’ ಎಂದರು. ಮುಖ್ಯ ಅತಿಥಿಗಳು, ಅಧ್ಯಕ್ಷರು, ಸಭೆ, ಎಲ್ಲ ಎದ್ದು ಕೈ ಜೋಡಿಸಿ ಕಣ್ಣು ಮುಚ್ಚಿದರು. ನಾನು ತಿರುಗಣೆ ತಿರುಗಿಸಿದೆ. ಮಾಸ್ಟರು ಬಟ್ಟೆ ಒಗೆಯುವ ಡ್ರಮ್ಮು ಬಿಟ್ಟ. ಭಾಯ್ ಸೇರಿಕೊಂಡರು. ಒಂದಿಬ್ಬರು ಕಣ್ಣು ತೆರೆದು ನೋಡಿದರು, ಆದರೆ ಪ್ರಾರ್ಥನೆಯ ನಡುವೆ ಕೂರಲು ಯಾರಿಗೆ ಧೈರ್ಯ? ಮಾತಾಡುವಂತಿಲ್ಲ, ಹೋಗುವಂತಿಲ್ಲ, ಫೋನು ತೆಗೆಯುವಂತಿಲ್ಲ. ನಮ್ಮ ಜನ್ಮದಲ್ಲಿ ಅಂಥ ಶ್ರೋತೃಗಳು ಸಿಕ್ಕಿರಲಿಲ್ಲ. ನಾನು ಒಳಗೊಳಗೇ ಕುಣಿದೆ. ಇವತ್ತು ಕೊನೆ ಮುಟ್ಟಿಸಿಯೇ ತೀರುತ್ತೇನೆ ಅಂದುಕೊಂಡೆ.

ಕಾಲು ಗಂಟೆ ಕಳೆಯಿತು. ಮುಖ್ಯ ಅತಿಥಿಗಳಿಗೆ ಮೊಣಕಾಲು ನೋವು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು. ಸಂಘಟಕ ಜೋಡಿಸಿದ ಕೈ ಬಿಡದೆಯೇ ನನ್ನ ಹತ್ತಿರ ಸರಿದು ಬಂದ.

‘ಮೇಡಂ, ಯಾವಾಗ ಮುಗಿತೈತ್ರಿ?’

‘ನಮಗೂ ಗೊತ್ತಿಲ್ಲ.’

‘ಗೊತ್ತಿಲ್ಲಂದ್ರ? ದೇವರಾಣಿ, ಅತಿಥಿಗಳು ಬಿದ್ದುಗಿದ್ದಾರು.’

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಮನುಷ್ಯ ಅತ್ತ ಇತ್ತ ನೋಡಿದ. ನಮ್ಮ ಹೆಗಲು ಮುಟ್ಟಿ ನಿಲ್ಲಿಸಿದರೆ ಪ್ರಾರ್ಥನೆಗೆ ಅಡ್ಡಿ ಮಾಡಿದ ಪಾಪ. ದಿಕ್ಕು ತೋಚದೆ ಮೈಕಿಗೆ ಓಡಿ, ಗಟ್ಟಿ ದನಿಯಲ್ಲಿ ರಾಷ್ಟ್ರಗೀತೆ ಶುರು ಮಾಡಿಬಿಟ್ಟ.

ಇನ್ನು ನಾವು ಬಾರಿಸಲು ಆಗುತ್ತದೆಯೇ? ಮೂವರೂ ಕೈ ಬಿಟ್ಟು ನೆಟ್ಟಗೆ ನಿಂತೆವು. ಸಭೆ ನೆಮ್ಮದಿಯಿಂದ ಅವನ ಜೊತೆ ದನಿಗೂಡಿಸಿತು. ಆದರೆ ನಮ್ಮ ಕಡೆ ರಾಷ್ಟ್ರಗೀತೆ ಹಾಡುವುದು ಸಮಾರಂಭ ಮುಗಿದ ಮೇಲೆ. ಹಾಡು ನಿಂತ ತಕ್ಷಣ ಜನ ಕಾರ್ಯಕ್ರಮ ಮುಗಿಯಿತೆಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಸ್ವಾಗತ, ದೀಪ ಬೆಳಗುವುದು, ಸನ್ಮಾನ, ಭಾಷಣ ಎಲ್ಲ ಅಲ್ಲೇ ಉಳಿಯಿತು. ಮುಖ್ಯ ಅತಿಥಿಗಳು ಭಾಷಣದ ಹಾಳೆ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾ ಸಂಘಟಕನಿಗೆ ಹೇಳಿದರು: ‘ಕಾರ್ಯಕ್ರಮ ಬೇಗ ಮುಗಿಸಿದ್ದು ಚಲೋ ಆತು. ಆದರ ಪ್ರಾರ್ಥನಿ ಸ್ವಲ್ಪ ಉದ್ದ ಆತು ನೋಡ್ರಿ.’

ಕುರುಗೋಡಿನ ಸಾವು

ಕುರುಗೋಡಿನಲ್ಲಿ ಅಂಗಡಿಯವರೇ ಸೇರಿ ವರ್ಷಕ್ಕೊಂದು ನಾಟಕ ಆಡುತ್ತಾರೆ. ಈ ಸಲ ಅವರ ಕ್ಯಾಸಿಯೋ ಕೀಬೋರ್ಡಿನವನೂ ಪ್ಯಾಡಿನವನೂ ನಾಟಕದ ಭಾನುವಾರವೇ ಒಂದು ಮದುವೆಗೆ ಒಪ್ಪಿಕೊಂಡು ಕೈಕೊಟ್ಟರು. ಹಳೆಯ ಪರಿಚಯದ ಮೇಲೆ ಭಾಯ್‌ಗೆ ಫೋನು ಬಂತು. ಭಾಯ್ ನಮ್ಮಿಬ್ಬರನ್ನೂ ಸೇರಿಸಿ ಒಪ್ಪಿಕೊಂಡು ಬಂದರು.

ನಾನು ಕೆಂಡವಾದೆ. ‘ನಾಟಕದಲ್ಲಿ ಕುದುರೆ ಬಂತು, ಬಾಗಿಲು ಬಡಿಯಿತು ಅಂತ ಸದ್ದು ಮಾಡೋಕೆ ನಾವು ಬೇಕಾ ಭಾಯ್?’

‘ಮೇಡಂ, ಅಲ್ಲಿ ಜನ ಟಿಕೆಟ್ ತಗೊಂಡು ಕುಂದ್ರತಾರ. ನಾಟಕ ಮುಗಿಯೋಮಟ ಯಾರೂ ಏಳಂಗಿಲ್ಲ. ವಿಚಾರ ಮಾಡ್ರಿ.’

ವಿಚಾರ ಮಾಡಿದೆ. ಹೋದೆವು.

ಮಧ್ಯಾಹ್ನದ ಆಟ. ಖಳನಾಯಕ ಊರಿನ ಗೊಬ್ಬರದಂಗಡಿಯ ಸಾವ್ಕಾರ್‍ರು. ಭಾರೀ ದೇಹ, ರೇಷ್ಮೆ ಅಂಗಿ, ಹುಬ್ಬಿನ ಪೆನ್ಸಿಲಿನಲ್ಲಿ ದಪ್ಪ ಮಾಡಿದ ಮೀಸೆ. ಕೊನೆಯ ದೃಶ್ಯದಲ್ಲಿ ಇನ್‌ಸ್ಪೆಕ್ಟರ್ ಆಗಿದ್ದ ನಾಯಕ ಅವರಿಗೆ ಗುಂಡು ಹೊಡೆಯಬೇಕು, ಅವರು ಸಾಯಬೇಕು, ಪರದೆ ಬೀಳಬೇಕು. ನಾಯಕ ಹೊಡೆದ. ನಾನು ತಿರುಗಣೆ ತಿರುಗಿಸಿದೆ, ಮಾಸ್ಟರು ಬಾಯ್ಲರು ಬಿಟ್ಟ, ಭಾಯ್ ಎರಡೂ ಕೈಯಿಂದ ಪ್ಯಾಡಿಗೆ ಹಾಕಿದರು. ಮೂರೂ ಸೇರಿ ಎಲ್ಲಿಂದಲೋ ಒಂದು ಭಾರೀ ‘ಗುಂಯ್’ ಎದ್ದಿತು. ಸರಿಯಾಗಿ ಆ ಗುಂಯ್ ಮೇಲೆಯೇ ಸಾವ್ಕಾರ್‍ರು ಧಡ್ ಎಂದು ಬಿದ್ದರು. ರಂಗದ ಹಲಗೆಯ ಧೂಳೆಲ್ಲ ಎದ್ದಿತು.

ಸಿಳ್ಳೆಗಳಿಂದ ಮಂಟಪ ತುಂಬಿತು. ‘ಒನ್ಸ್ ಮೋರ್!’

ನಾಟಕ ನೋಡಿ ಬೆಳೆದ ನಮ್ಮ ಸೀಮೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಜನ ಒನ್ಸ್ ಮೋರ್ ಅಂದರೆ ಹಾಡಿದವನು ಮತ್ತೆ ಹಾಡಬೇಕು, ಕುಣಿದವನು ಮತ್ತೆ ಕುಣಿಯಬೇಕು, ಸತ್ತವನು ಎದ್ದು ಮತ್ತೆ ಸಾಯಬೇಕು. ಇಲ್ಲವೆಂದರೆ ಜನರಿಗೆ ಅವಮಾನ ಮಾಡಿದಂತೆ. ಸಾವ್ಕಾರ್‍ರು ಎದ್ದರು, ಮೊಣಕಾಲಿನ ಧೂಳು ಝಾಡಿಸಿಕೊಂಡರು, ನಾಲ್ಕೂ ದಿಕ್ಕಿಗೆ ಕೈ ಮುಗಿದು ಹೋಗಿ ಮೊದಲಿನ ಜಾಗದಲ್ಲಿ ನಿಂತರು. ನಾಯಕ ಮತ್ತೆ ಹೊಡೆದ.

ನಾವು ಮತ್ತೆ ಬಾರಿಸಿದೆವು. ಆದರೆ ನಮಗೆ ಒಮ್ಮೆ ಬಾರಿಸಿದ್ದು ಇನ್ನೊಮ್ಮೆ ಬರುವುದಿಲ್ಲವಲ್ಲ, ನಮ್ಮ ಕಸುಬೇ ಅಂಥದು. ಈ ಸಲ ಅದು ಬೇರೆ ದಾರಿ ಹಿಡಿಯಿತು. ಗುಂಯ್ ಬರಲಿಲ್ಲ. ಸಾವ್ಕಾರ್‍ರು ಎದೆ ಹಿಡಿದುಕೊಂಡು ತೂರಾಡಿದರು, ಒಂದು ಕಣ್ಣು ನಮ್ಮ ಮೇಲೆ. ಇನ್ನೊಂದು ಸುತ್ತು ತೂರಾಡಿದರು. ಆಮೇಲೆ ನಮ್ಮ ಕಡೆಗೇ ತೂರಾಡುತ್ತಾ ಬಂದು, ಹಲ್ಲಿನ ಸಂದಿಯಿಂದ, ‘ಮೇಡಮ್ಮಾರೇ, ಆ ಗುಂಯ್ ಹೊಡೀರಿ, ಬೀಳ್ತೀನಿ’ ಎಂದರು.

‘ಅದು ಆ ಹೊತ್ತಿಗೆ ಬಂದದ್ದು ಸಾವ್ಕಾರ್‍ರೇ. ಮತ್ತೆ ಬರೋದಿಲ್ಲ. ನೀವು ಬಿದ್ದುಬಿಡಿ.’

‘ಅದಿಲ್ಲದ ಹೆಂಗ ಬೀಳ್ಲಿ? ಒಂದನೇ ಸಲ ಛಂದ ಸತ್ತ, ಎರಡನೇ ಸಲ ಕೆಟ್ಟ ಸತ್ತ ಅಂತಾರ ಊರಾಗ. ನಾಳಿ ಅಂಗಡಿ ತೆಗೀಬೇಕ್ರಿ ನಾ. ನೀವು ಬಾರಿಸ್ತಾ ಇರ್‍ರಿ. ಅದು ಬಂದಾಗ ಬೀಳ್ತೀನಿ.’

ಬಾರಿಸ್ತಾ ಇರಿ! ಇಷ್ಟು ವರ್ಷಗಳಲ್ಲಿ ನಮಗೆ ಈ ಮಾತು ಹೇಳಿದ ಮೊದಲನೆಯ ಮನುಷ್ಯ ಅವರು. ನಾನು ಭಾಯ್ ಮುಖ ನೋಡಿದೆ, ಭಾಯ್ ಮಾಸ್ಟರಿನ ಮುಖ ನೋಡಿದರು. ಬಾರಿಸಿದೆವು.

ಸಾವ್ಕಾರ್‍ರು ಸಾಯದೆ ತಿರುಗಿದರು. ಕಂಬ ಹಿಡಿದರು, ಬಿಟ್ಟರು. ಕುರ್ಚಿಯ ಮೇಲೆ ಬಾಗಿದರು, ಮತ್ತೆ ಎದ್ದರು. ನಾಯಕ ಪಿಸ್ತೂಲು ಹಿಡಿದ ಕೈ ಸೋತು ಸೋಫಾದ ಮೇಲೆ ಕೂತುಬಿಟ್ಟ. ಬಳ್ಳಾರಿಯಿಂದ ಬಂದಿದ್ದ ನಾಯಕಿ ಅಳಬೇಕಾದಷ್ಟು ಅತ್ತು, ಅಳು ಮುಗಿದು, ಅವನ ಪಕ್ಕದಲ್ಲಿ ಕೂತಳು. ನಾಟಕದ ಮೇಷ್ಟ್ರು ಪಕ್ಕದಿಂದ ‘ಪರದೆ ಬಿಡೋ’ ಎಂದು ಕೈ ಬೀಸಿದರೆ, ಪರದೆ ಎಳೆಯುವವನು ‘ತಡೀರಿ, ಇನ್ನೂ ಸತ್ತಿಲ್ಲ’ ಎಂದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಜನ ಮಿಸುಕಲಿಲ್ಲ. ಅಳುವ ಮಗುವನ್ನು ಎತ್ತಿಕೊಂಡು ಹೊರಗೆ ಹೋದ ಒಬ್ಬಾಕೆ, ಓಡೋಡಿ ಮರಳಿ ಬಂದು ಕೂತಳು.

ನಮ್ಮ ಗಲಾಟೆ ಕಳಚಲು ಶುರುವಾಯಿತು. ಮೊದಲು ಬಾಯ್ಲರು ಹೋಯಿತು, ಆಮೇಲೆ ಪ್ಯಾಡು. ನನ್ನ ಸಣ್ಣ ಎಳೆ ಒಂದೇ ಉಳಿಯಿತು. ಅದರ ಜೊತೆಗೇ ಸಾವ್ಕಾರ್‍ರಿಗೂ ಶಕ್ತಿ ಮುಗಿಯಿತು. ಮೊಣಕಾಲೂರಿದರು. ಕೈ ಊರಿದರು. ಎಳೆ ತೆಳ್ಳಗಾದಂತೆಲ್ಲ ಆ ದೊಡ್ಡ ದೇಹ ಹಲಗೆಯ ಮೇಲೆ ಮೆಲ್ಲಗೆ ಒರಗಿತು. ಅದು ನಟನೆಯಲ್ಲ, ನಿಜವಾದ ಸುಸ್ತು. ಎಳೆ ಆರಿತು. ಅವರ ಕೈ ಒಂದು ಸಲ ಅಲುಗಿ ಸುಮ್ಮನಾಯಿತು.

ಯಾರೂ ಕೆಮ್ಮಲಿಲ್ಲ. ಅಷ್ಟು ಜನ ಸೇರಿ ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ಮುಗಿಸಿದ್ದೆವು. ಶುರುವಿನಿಂದ ಕೊನೆಯವರೆಗೆ, ಜನರ ಮುಂದೆ, ಪೂರ್ತಿ. ಭಾಯ್ ಟವಲಿನಿಂದ ಮುಖ ಮುಚ್ಚಿಕೊಂಡರು. ನನ್ನ ಕಣ್ಣಲ್ಲೂ ನೀರು ಬಂತು, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಆಗ ಮುಂದಿನ ಸಾಲಿನಿಂದ ಒಂದು ದನಿ: ‘ಒನ್ಸ್ ಮೋರ್!’ ಹಿಂದೆಯೇ ಇಡೀ ಮಂಟಪ: ‘ಒನ್ಸ್ ಮೋರ್!’

ವರ್ಷಗಳ ಸಿಟ್ಟೆಲ್ಲ ಒಟ್ಟಿಗೇ ಬಾಯಿಗೆ ಬಂತು. ಎದ್ದುಹೋಗಿ ರಂಗದ ಮೈಕಿನ ಮುಂದೆ ನಿಂತೆ. ‘ಇಷ್ಟು ವರ್ಷ ಒಂದು ಊರಿನವರೂ ನಮ್ಮನ್ನು ಮುಗಿಸಲು ಬಿಡಲಿಲ್ಲ. ಇವತ್ತು ಮುಗಿಸಿದರೆ ಎರಡು ಸಲ ಬೇಕಂತೆ! ಬಾರಿಸಿದ್ದನ್ನೇ ಮತ್ತೆ ಬಾರಿಸಲು ನಮಗೆ ಬರೋದಿಲ್ಲ. ಅದು ಹೋಯಿತು. ನೀವು ಎಷ್ಟು ಕೂಗಿದರೂ ಅದು ಮತ್ತೆ ಬರೋದಿಲ್ಲ. ತಿಳೀತಾ?’

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕಿ, ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಹೇಳಿದಳು: ‘ಅದs ಬೇಕಂತ ಯಾರಂದ್ರವ್ವಾ? ಸಾಯೋನು ಇವನs ಇದ್ರ ಸಾಕು. ನೀ ಬ್ಯಾರೇದು ಹೊಡಿ.’

ನಾನು ತಿರುಗಿ ನೋಡಿದೆ. ಹಿಂದೆ ಭಾಯ್ ಆಗಲೇ ಟವಲು ಹೆಗಲಿಗೆ ಹಾಕಿಕೊಂಡು ಪ್ಯಾಡಿನ ಕೋಲು ಕೈಗೆತ್ತಿಕೊಂಡಿದ್ದರು. ಮಾಸ್ಟರು ಲ್ಯಾಪ್‌ಟಾಪಿನ ಮುಂದೆ ಬಗ್ಗಿದ್ದ. ನಾನು ಹೋಗಿ ನನ್ನ ಹಲಗೆಯ ಮುಂದೆ ಕೂತೆ.

ಆಗ ಕೆಳಗಿನಿಂದ, ಕಣ್ಣು ಮುಚ್ಚಿ ಮಲಗಿದ್ದ ಹೆಣದ ಬಾಯಿಂದ ಮಾತು ಬಂತು: ‘ನೀವು ಬೇಕಾದಷ್ಟು ಬಾರಿಸ್ಕೊಳ್ರಿ ಮೇಡಮ್ಮಾರೇ. ನಾ ಮಾತ್ರ ಇನ್ನ ಏಳಂಗಿಲ್ಲ.’